ಊರಿಗೆ ಹೋದದ್ದು, ಊರಿಕೇ ಹೋದದ್ದು

ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಎದುರು ಸಂಜೆ ಹೊತ್ತು ನಿಲ್ಲುವ ಗೋಬಿ ಬಂಡಿಯ ಹತ್ತಿರ ನಾನು ಹೋಗುವುದಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರು ಇವಳು ಕೈ ಬಿಚ್ಚುವುದಿಲ್ಲ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವನು ಬಾಣಲೆಗೆ ವಿನೆಗರ್ ಸುರಿದ ಕೂಡಲೇ ಏಳುವ ಹುಳಿ ವಾಸನೆ ಮೂಗಿಗೆ ಬಿದ್ದರೆ ನನ್ನ ಹಸಿವು ಅಲ್ಲಿಗೇ ಇಂಗಿಹೋಗುತ್ತದೆ. ಡಯಾಲಿಸಿಸ್ ಫಿಲ್ಟರುಗಳನ್ನು ತೊಳೆದು ಮತ್ತೆ ಬಳಸಲು ಇಡುವ ದ್ರಾವಣಕ್ಕೂ ಹೆಚ್ಚುಕಡಿಮೆ ಇದೇ ವಾಸನೆ. ಈಗ ನಾನಿರುವ ಕಡೆ ಒಮ್ಮೆ ಬಳಸಿದ ಫಿಲ್ಟರನ್ನು ಎಸೆದುಬಿಡುತ್ತೇವೆ, ಹಾಗಾಗಿ ಬಚಾವಾಗಿದ್ದೇನೆ. ಮೊನ್ನೆ ಮಾತ್ರ ನಮ್ಮೂರು ಕರೂರಿನ ಬಸ್ಸು ಬರದೆ, ಮಳೆ ಹನಿ ಶುರುವಾಗಿ, ಬೇರೆ ಆಸರೆ ಸಿಗದೆ ಅದೇ ಬಂಡಿಯ ತಾಡಪಾಲಿನ ಕೆಳಗೆ ನಿಂತೆ. ನಿಂತಿದ್ದಷ್ಟು ಹೊತ್ತೂ ನಾನು ಬಳ್ಳಾರಿಯಲ್ಲಿದ್ದೆ, ಬಾಂಡಿನ ಕೇಸು ನಡೆದ ಆ ವರ್ಷದಲ್ಲಿ.

ಡಿಪ್ಲೊಮಾ ಮುಗಿಸಿ ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಗೆ ಡಯಾಲಿಸಿಸ್ ಟೆಕ್ನಿಶಿಯನ್ ಆಗಿ ಸೇರಿದಾಗ ಬೇಸಿಗೆ ಏರುತ್ತಿತ್ತು. ಬಳ್ಳಾರಿಯ ಬೇಸಿಗೆಯ ಬಗ್ಗೆ ಬರೆದರೆ ಹೊರಗಿನವರು ಉತ್ಪ್ರೇಕ್ಷೆ ಅನ್ನುತ್ತಾರೆ, ಊರಿನವರು ಇಷ್ಟೇನಾ ಅನ್ನುತ್ತಾರೆ. ಅದಕ್ಕೇ ಬರೆಯುವುದಿಲ್ಲ. ಮ್ಯಾನೇಜರು ತಣ್ಣಗೆ ಎ.ಸಿ. ಕೋಣೆಯಲ್ಲಿ ಕೂರಿಸಿ ವಿಷಯ ಹೇಳಿದರು. ಮೊದಲು ತರಬೇತಿ ಕೊಡುತ್ತಾರೆ. ಆಮೇಲೆ ಎರಡು ವರ್ಷ ಅಲ್ಲೇ ದುಡಿಯಬೇಕು. ನಡುವೆ ಕಾರಣವಿಲ್ಲದೆ ಬಿಟ್ಟರೆ ತರಬೇತಿಯ ಖರ್ಚೆಂದು ಎರಡು ಲಕ್ಷ ಕಟ್ಟಬೇಕು. ಅಲ್ಲಿಯ ತನಕ ಅಸಲು ಮಾರ್ಕ್ಸ್ ಕಾರ್ಡುಗಳು, ಡಿಪ್ಲೊಮಾ ಸರ್ಟಿಫಿಕೇಟು ಆಸ್ಪತ್ರೆಯ ಬೀರುವಿನಲ್ಲಿರುತ್ತವೆ.

ಛಾಪಾ ಕಾಗದ ತರಲು ಅಪ್ಪನೇ ಓಡಿದ. ಅಪ್ಪ ಕರೂರಿನಲ್ಲಿ ಬೇರೆಯವರ ಟ್ರ್ಯಾಕ್ಟರ್ ಓಡಿಸುವವನು. ಯಾವತ್ತು ಸಾಕು ಅಂದರೋ ಅವತ್ತು ಇಳಿದು ಬರಬೇಕಾದ ಕೆಲಸ ಅವನದು. ಬಾಂಡ್ ಅಂದರೆ ನಾನು ಅವರಿಗೆ ಬರೆದುಕೊಡುವುದು ಎಂದು ಅವನಿಗೆ ಹೊಳೆಯಲೇ ಇಲ್ಲ. ಅವರು ನನಗೆ ಬರೆದುಕೊಟ್ಟರು ಎಂದೇ ತಿಳಿದ.

"ಎರಡು ವರ್ಷ ನಿನ್ನ ಯಾರೂ ತಗಿಯಂಗಿಲ್ಲ ಲೇ ಹುಲಿಗಿ. ಛಾಪಾ ಕಾಗದದ ಮ್ಯಾಲೆ ಆಗೈತಿ ಮಾತು" ಎಂದು ಹಿಗ್ಗಿ, ಕರೂರಿಗೆ ಹೋಗಿ ಓಣಿಗೆಲ್ಲ ಸಕ್ಕರೆ ಹಂಚಿದ. ನಾನು ತಿದ್ದಲು ಹೋಗಲಿಲ್ಲ. ಅವನ ಸಂತೋಷ ನೋಡಿ ನನಗೂ ಅದು ನಿಜವಿರಬಹುದು ಅನ್ನಿಸಿತ್ತು.

ತರಬೇತಿಯ ಕತೆ ಹೀಗೆ. ಮೊದಲ ದಿನ ಡಯಾಲಿಸಿಸ್ ಘಟಕದ ಇನ್‌ಚಾರ್ಜ್ ರಮಾದೇವಿ ಅಕ್ಕನ ಮುಂದೆ ನನ್ನನ್ನು ನಿಲ್ಲಿಸಿದರು. ಅಕ್ಕ ಗಡಿಯಾಚೆಯ ಆಲೂರು ಕಡೆಯವರು, ಮನೆಮಾತು ತೆಲುಗು. ಕನ್ನಡ ಮಾತಾಡುತ್ತಲೇ ತೆಲುಗಿಗೆ ಜಾರಿ, ಮತ್ತೆ ಕನ್ನಡಕ್ಕೆ ಬರುತ್ತಿದ್ದರು. ಒಬ್ಬ ರೋಗಿಯ ತೋಳಿಗೆ ಸೂಜಿ ಹಾಕುತ್ತಾ, ತಲೆ ಎತ್ತದೆ ನನಗೆ ಹೇಳಿದರು.

"ಇವತ್ತು ನೋಡಮ್ಮ, ನಾಳಿಂದ ಮಾಡು."

ಅಷ್ಟೇ. ಅದು ತರಬೇತಿಯ ಆರಂಭ, ಅದೇ ಮುಕ್ತಾಯ. ಮರುದಿನದಿಂದ ನನಗೂ ರೋಗಿಗಳು ಬಂದರು. ಕಾಲೇಜಿನಲ್ಲಿ ಕಲಿತಿದ್ದು ಇತ್ತು, ಕೈ ಹಿಡಿಯಲು ಅಕ್ಕ ಇದ್ದರು, ಹೇಗೋ ದಾಟಿದೆ. ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ. ಕಲಿಸಲು ಅವರಿಗೆ ಪುರಸೊತ್ತು ಕೊಟ್ಟವರು ಯಾರು?

ಒಳಗೆ ಎ.ಸಿ.ಗೆ ರೋಗಿಗಳು ಕಂಬಳಿ ಹೊದ್ದು ಮಲಗಿರುತ್ತಿದ್ದರು, ನಾವು ಸ್ವೆಟರ್ ಹಾಕಿ ಓಡಾಡುತ್ತಿದ್ದೆವು. ಪಾಳಿ ಮುಗಿಸಿ ಬಾಗಿಲು ತೆರೆದರೆ ರಾಯಲ್ ಸರ್ಕಲ್ಲಿನ ಬಿಸಿಗಾಳಿ ಕೆನ್ನೆಗೆ ಬಡಿಯುತ್ತಿತ್ತು. ದಿನಾ ಈ ಚಳಿ, ಈ ಬಿಸಿ. ನೆಗಡಿ ಎಂಬುದು ನನ್ನ ಮೂಗಿನಲ್ಲಿ ಬಾಡಿಗೆಗೇ ಇಳಿದುಬಿಟ್ಟಿತ್ತು. ಪಾಳಿ ಮುಗಿದ ಮೇಲೂ ಮುಂದಿನವರು ಬರದಿದ್ದರೆ ನಾವೇ ಮುಂದುವರಿಯಬೇಕು. ಮುಂದಿನವರು ಬರುತ್ತಲೇ ಇರಲಿಲ್ಲ, ಯಾಕೆಂದರೆ ಮುಂದಿನವರನ್ನು ತೆಗೆದುಕೊಂಡಿರಲೇ ಇಲ್ಲ.

ನನ್ನ ರೋಗಿಗಳಲ್ಲಿ ಕುರುಗೋಡಿನ ಮಲ್ಲಯ್ಯ ತಾತ ಒಬ್ಬರು. ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಟೈಲರ್ ಆಗಿದ್ದವರು. ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಕುರುಗೋಡಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ನನ್ನ ಬಿಟ್ಟು ಬೇರೆಯವರು ಸೂಜಿ ಹಿಡಿದರೆ ತೋಳು ಹಿಂದಕ್ಕೆ ಎಳೆದುಕೊಳ್ಳುವರು.

"ಹುಲಿಗೆವ್ವ ಹೊಲಿಗಿ ನೆಟ್ಟಗ ಹಾಕ್ತಾಳ. ನೀವು ಬರೇ ಕಚ್ಚಾ ಹೊಲಿಗಿ ಹಾಕೋರು" ಎಂದು ಉಳಿದವರನ್ನು ಗೇಲಿ ಮಾಡುತ್ತಿದ್ದರು.

ಕಾಲುವೆಗೆ ನೀರು ಬಿಟ್ಟು, ಸಿರುಗುಪ್ಪ ಸೀಮೆಯಲ್ಲಿ ನಾಟಿ ಶುರುವಾಗುವ ಹೊತ್ತಿಗೆ ಘಟಕಕ್ಕೆ ಹೊಸ ಮಷೀನುಗಳು ಬಂದವು. ಪೂಜೆ ಮಾಡಿ, ಕುಂಬಳಕಾಯಿ ಒಡೆದು, ಫೋಟೊ ತೆಗೆಸಿಕೊಂಡರು. ಮಷೀನು ಬಂದವು, ಜನ ಬರಲಿಲ್ಲ. ಒಂದು ಮಧ್ಯಾಹ್ನ ಘಟಕದಲ್ಲಿ ನಾನೊಬ್ಬಳೇ. ಆ ಕಡೆ ಮೂಲೆಯಲ್ಲಿ ಒಂದು ಮಷೀನು ಕೂಗಿತು. ಓಡಿಹೋಗಿ ನೋಡಿದರೆ ಹೆಂಗಸೊಬ್ಬರ ತೋಳಿನಿಂದ ಸೂಜಿ ಜಾರಿ ಹಾಸಿಗೆಯೆಲ್ಲ ರಕ್ತ. ಅದನ್ನು ಒತ್ತಿ ಹಿಡಿದಿರುವಾಗಲೇ ಈ ಕಡೆ ಮಲ್ಲಯ್ಯ ತಾತನ ಮಷೀನು ಕೂಗಿತು. ಬಿ.ಪಿ. ಇಳಿಯುತ್ತಿತ್ತು. ಕೈ ಬಿಟ್ಟರೆ ಇವರು, ಹೋಗದಿದ್ದರೆ ಅವರು. ನಾನು ಗಂಟಲು ಹರಿಯುವಂತೆ ಕೂಗಿದೆ. ಕೆಳಗಿನಿಂದ ವಾರ್ಡಿನ ನರ್ಸು ಬರುವಷ್ಟರಲ್ಲಿ ತಾತನ ಕಣ್ಣು ಮೇಲಾಗಿದ್ದವು. ಬದುಕಿಕೊಂಡರು. ಎಚ್ಚರವಾದ ಮೇಲೆ ನನ್ನ ಮುಖ ನೋಡಿ, "ಯಾಕವ್ವ ಅಳ್ತಿ, ನಾನಿನ್ನೂ ಅದೀನಿ" ಅಂದರು.

ಅವತ್ತೇ ಈ ಕೆಲಸ ಬಿಡಬೇಕೆಂದು ನಿಶ್ಚಯಿಸಿದೆ. ದಣಿವು ಒಂದು ಕಡೆ. ಆದರೆ ನನ್ನ ಕೈಯಲ್ಲಿ ಯಾರಾದರೂ ಸಾಯುತ್ತಾರೆ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು. ಅದೇ ದಿನಗಳಲ್ಲಿ ಸಿರುಗುಪ್ಪದಲ್ಲಿ ಸಣ್ಣದೊಂದು ಡಯಾಲಿಸಿಸ್ ಕೇಂದ್ರ ತೆರೆಯುವ ಸುದ್ದಿ ಬಂತು. ಕರೂರಿನಿಂದ ಬಸ್ಸಿನಲ್ಲಿ ಹೋಗಿ ಬರಬಹುದು. ಊರಲ್ಲಿ ನನ್ನ ಅಕ್ಕನಿಗೆ ಹೆರಿಗೆಯ ದಿನ ಹತ್ತಿರವಾಗಿತ್ತು. ರಮಾದೇವಿ ಅಕ್ಕನ ಹತ್ತಿರ ಹೋಗಿ ಅಳುಮುಖ ಮಾಡಿ ಒಂದು ವಾರ ರಜೆ ಕೇಳಿದೆ.

"ಪೋಮ್ಮಾ, ಹೋಗಿ ಬಾ. ನಾನು ನೋಡ್ಕೊಂತೀನಿ" ಅಂದರು. ಯಾವ ಚೀಟಿಯೂ ಇಲ್ಲ, ಬಾಯಿಮಾತು.

ಊರಲ್ಲಿ ನನ್ನ ಅಕ್ಕನಿಗೆ ಹೆಣ್ಣು ಮಗುವಾಯಿತು. ಅದೇ ವಾರ ಸಿರುಗುಪ್ಪಕ್ಕೆ ಹೋಗಿ ಇಂಟರ್‌ವ್ಯೂ ಕೊಟ್ಟೆ. ಆಯ್ಕೆ ಮಾಡಿಕೊಂಡರು. ಅಸಲು ಸರ್ಟಿಫಿಕೇಟುಗಳನ್ನು ತೋರಿಸಿ ತಿಂಗಳ ಕೊನೆಯೊಳಗೆ ಸೇರಬೇಕು ಅಂದರು. ಬಳ್ಳಾರಿಗೆ ಹೋಗಿ, ಮ್ಯಾನೇಜರ ಮುಂದೆ ಕೂತು, ಕಾರಣ ಹೇಳಿ, ರಾಜೀನಾಮೆ ಕೊಟ್ಟು ಬರೋಣ ಎಂದುಕೊಂಡಿದ್ದೆ.

ನಾನು ಕರೂರಿನಲ್ಲಿ ಬಾಣಂತಿಗೆ ನೀರು ಕಾಯಿಸುತ್ತಿದ್ದಾಗ ಬಳ್ಳಾರಿಯಲ್ಲಿ ಒಂದು ಫೋನು ಕರೆ ಆಗಿತ್ತು. ರಮಾದೇವಿ ಅಕ್ಕ ಆಮೇಲೆ ಹೇಳಿದ್ದರಿಂದ ನನಗೆ ತಿಳಿಯಿತು. ಮ್ಯಾನೇಜರು ಹುಬ್ಬಳ್ಳಿ ಕಡೆಯವರು. ಆಸ್ಪತ್ರೆಯ ದೊಡ್ಡ ಡಾಕ್ಟರುಗಳು ತಮ್ಮತಮ್ಮಲ್ಲಿ ತೆಲುಗು ಆಡುತ್ತಿದ್ದರಿಂದ ಇವರೂ ಅವಸರಕ್ಕೆ ತೆಲುಗು ಕಲಿತು, ಸಿಕ್ಕಸಿಕ್ಕವರ ಮೇಲೆ ಅದನ್ನು ಪ್ರಯೋಗಿಸುತ್ತಿದ್ದರು. ಆ ಹುಡುಗಿ ಎಲ್ಲಿ ಎಂದು ರಮಾದೇವಿ ಅಕ್ಕನನ್ನು ತೆಲುಗಿನಲ್ಲೇ ಕೇಳಿದ್ದಾರೆ. ಅಕ್ಕ, "ಊರಿಕಿ ಪೋಯಿಂದಿ ಸಾರ್" ಅಂದಿದ್ದಾರೆ. ಊರಿಗೆ ಹೋದಳು ಎಂದರ್ಥ. ಮ್ಯಾನೇಜರ ಕಿವಿಗೆ ಅದು "ಊರಿಕೇ ಪೋಯಿಂದಿ" ಎಂದು ಬಿದ್ದಿದೆ. ತೆಲುಗಿನಲ್ಲಿ ಊರಿಕೇ ಅಂದರೆ ಸುಮ್ಮಸುಮ್ಮನೆ, ಯಾವ ಕಾರಣವೂ ಇಲ್ಲದೆ. ಬಳ್ಳಾರಿಯ ಕನ್ನಡದವರ ಬಾಯಲ್ಲೂ ಆ ಮಾತು ಓಡಾಡುತ್ತದೆ. ನಾನು ವಾಪಸು ಬಂದಾಗ ಗೇಟಿನ ವಾಚ್‌ಮನ್ ಅಡ್ಡ ನಿಂತ.

"ಒಳಗ ಬಿಡಬ್ಯಾಡ ಅಂದಾರವ್ವ. ನೀನು ಬಿಟ್ಟು ಹೋದಿ ಅಂತಲ್ಲ?"

ನಾನಿನ್ನೂ ಬಿಟ್ಟಿರಲಿಲ್ಲ. ಬಿಡುವವಳಿದ್ದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಗೇಟಿನ ಮುಂದೆ ಬಿಸಿಲಲ್ಲಿ ನಿಂತು ಯಾರಿಗೆ ಹೇಳುವುದು? ಮ್ಯಾನೇಜರು ಫೋನಿನಲ್ಲಿ ಎರಡೇ ಮಾತು ಆಡಿದರು. ಕಾರಣವಿಲ್ಲದೆ ಕೆಲಸ ಬಿಟ್ಟಿದ್ದೀರಿ, ಬಾಂಡಿನ ಹಣ ಕಟ್ಟಿ, ಕಾಗದಪತ್ರ ತೆಗೆದುಕೊಂಡು ಹೋಗಿ. ತಿಂಗಳು ಮುಗಿಯಿತು. ಸಿರುಗುಪ್ಪದವರು ನಾಲ್ಕು ದಿನ ಹೆಚ್ಚಿಗೆ ಕಾದು ಬೇರೆಯವರನ್ನು ತೆಗೆದುಕೊಂಡರು. ಅವರದೇನೂ ತಪ್ಪಿಲ್ಲ.

ಆಮೇಲೆ ಕೋರ್ಟಿನ ಸಮನ್ಸು ಕರೂರಿಗೆ ಬಂತು. ಸಕ್ಕರೆ ತಿಂದಿದ್ದ ಓಣಿಯವರೇ ಸುತ್ತ ನಿಂತು ಓದಿಸಿದರು. ಅಪ್ಪ ಟ್ರ್ಯಾಕ್ಟರ್ ನಿಲ್ಲಿಸಿ ಬಂದವನು ಕಟ್ಟೆಯ ಮೇಲೆ ಕೂತುಬಿಟ್ಟ.

"ಅವರು ಬರದು ಕೊಟ್ಟಿದ್ದಲ್ಲೇನು ಅದು?" ಎಂದು ಕೇಳಿದ. ಅವನಿಗೆ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ವಕೀಲರು ಸಿಕ್ಕಿದ್ದು ಮಲ್ಲಯ್ಯ ತಾತನ ದೆಸೆಯಿಂದ. ಅವರ ಊರಿನವರೇ, ಎರ್ರಿಸ್ವಾಮಿ ಅಂತ. ಕೋಟಿನ ತೋಳು ಮಾಸಿತ್ತು, ನಾಲಿಗೆ ಮಾತ್ರ ಹರಿತ. ಕತೆಯೆಲ್ಲ ಕೇಳಿ ತೊಡೆ ತಟ್ಟಿಕೊಂಡರು.

"ಊರಿಕಿಗೂ ಊರಿಕೇಗೂ ಫರಕ್ ಗೊತ್ತಿಲ್ಲದ ಮನಿಷಾ ಕೇಸು ಹಾಕ್ಯಾನ ನೋಡು! ನೀನು ಬಿಟ್ಟೇ ಇಲ್ಲವ್ವ. ಊರಿಗೆ ಹೋಗಿದ್ದಿ, ಅವರೇ ಒಳಗ ಬಿಡಲಿಲ್ಲ. ಅಷ್ಟೇ ಹೇಳು, ಮುಂದ ಒಂದು ಮಾತೂ ಆಡಬ್ಯಾಡ. ಕಾಗದಪತ್ರ ನಾನು ಕೊಡಿಸ್ತೀನಿ."

"ಆದ್ರ ನಾನು ಬಿಡಬೇಕಂತಲೇ ಇದ್ದೆನ್ರಿ ಸಾರ್. ಯಾಕ ಅಂತ ಹೇಳಬೇಕು."

"ಅದನ್ನ ಯಾರು ಕೇಳ್ಯಾರ?"

ಯಾರೂ ಕೇಳಲಿಲ್ಲ, ಅದು ನಿಜ. ಹೆಚ್ಚುಕಡಿಮೆ ಒಂದು ವರ್ಷ ಯಾರೂ ಕೇಳಲಿಲ್ಲ. ಸಿರುಗುಪ್ಪದಿಂದ ಬಳ್ಳಾರಿಯ ಬಸ್ಸು ಹತ್ತುವುದು, ಕೋರ್ಟಿನ ವರಾಂಡದಲ್ಲಿ ಗೋಡೆಗೆ ಒರಗಿ ನಿಲ್ಲುವುದು, ನನ್ನ ಹೆಸರು ಕೂಗುವುದು, ಮುಂದಿನ ತಾರೀಖು ಕೊಡುವುದು. ಒಂದು ಸಲ ಅವರ ವಕೀಲರಿಗೆ ಜ್ವರ, ಒಂದು ಸಲ ಜಡ್ಜರು ರಜೆ, ಒಂದು ಸಲ ಎರ್ರಿಸ್ವಾಮಿಯವರೇ ಮದುವೆಗೆ ಹೋಗಿದ್ದರು. ಹೊಟ್ಟೆಪಾಡಿಗೆ ಹಚ್ಚೊಳ್ಳಿ ಕಡೆಯ ಗದ್ದೆಗಳಿಗೆ ಹೆಣ್ಣಾಳುಗಳ ಜೊತೆ ಕಳೆ ಕೀಳಲು ಹೋದೆ. ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನಿಂತರೆ ನಡು ಹಿಡಿಯುತ್ತಿತ್ತು, ಆದರೆ ಅಲ್ಲಿ ಯಾವ ಮಷೀನೂ ಕೂಗುತ್ತಿರಲಿಲ್ಲ. ಡಿಪ್ಲೊಮಾ ಮಾಡಿದಾಕಿ ಎಂದು ಹೆಂಗಸರು ನನ್ನನ್ನು ಡಾಕ್ಟ್ರಮ್ಮ ಅಂತ ಕಾಡಿಸುತ್ತಿದ್ದರು. ಚಳಿಗಾಲದಲ್ಲಿ ಮಲ್ಲಯ್ಯ ತಾತ ತೀರಿಕೊಂಡರು. ಸುದ್ದಿ ತಿಳಿದಿದ್ದು ಮಣ್ಣಾದ ಮೇಲೆ. ನಾನಿಲ್ಲದ ಮೇಲೆ ಅವರ ತೋಳಿಗೆ ಸೂಜಿ ಯಾರು ಹಾಕುತ್ತಿದ್ದರೋ ಎಂದು ನೆನೆದು ಬಹಳ ಸಂಕಟಪಟ್ಟೆ.

ಕೊನೆಗೆ ಆಸ್ಪತ್ರೆಯವರ ಸಾಕ್ಷಿಯಾಗಿ ರಮಾದೇವಿ ಅಕ್ಕ ಕಟಕಟೆ ಹತ್ತಿದ ದಿನ ಬಂತು. ಮತ್ತೆ ಬೇಸಿಗೆ ಆಗಿತ್ತು. ಕೋರ್ಟಿನ ಫ್ಯಾನು ತಿರುಗುತ್ತಿತ್ತು, ಗಾಳಿ ಎತ್ತ ಹೋಗುತ್ತಿತ್ತೋ ತಿಳಿಯದು. ಅಕ್ಕ ನನ್ನ ಕಡೆ ನೋಡಲಿಲ್ಲ. ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು. ಪಾಳಿ ಮುಗಿಸಿ ನೆಟ್ಟಗೆ ಬಂದಿರಬೇಕು. ಮುಂದಿನ ಸಾಲಿನಲ್ಲಿ ಮ್ಯಾನೇಜರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅಕ್ಕ ಅವರ ಕೈಕೆಳಗಿನವರು, ಅವರಿಗೆ ಬೇಡವಾದ ಮಾತು ಹೇಗೆ ಆಡುತ್ತಾರೆ ಎಂದು ನಾನು ಅವರ ಬಾಯನ್ನೇ ನೋಡುತ್ತಾ ನಿಂತೆ.

ಎರ್ರಿಸ್ವಾಮಿಯವರು ಎದ್ದು, ಮ್ಯಾನೇಜರು ಫೋನು ಮಾಡಿದಾಗ ಏನಂದಿರಿ ಎಂದು ಕೇಳಿದರು.

"ಊರಿಕಿ ಪೋಯಿಂದಿ ಅಂದೆನ್ರಿ."

ಜಡ್ಜರು ಹಳೇ ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದವರು. "ಹಾಗಂದ್ರೆ?" ಎಂದು ಕನ್ನಡಕ ಎತ್ತಿದರು. ತಮ್ಮ ತಮ್ಮ ಕೇಸಿಗೆ ಕಾದು ಕೂತಿದ್ದ ವಕೀಲರೆಲ್ಲ ಒಟ್ಟಿಗೆ ಅರ್ಥ ಹೇಳತೊಡಗಿದರು. ಒಬ್ಬರು ಊರಿಗೆ ಅಂದರು, ಇನ್ನೊಬ್ಬರು ಸುಮ್ಮನೆ ಅಂದರು.

"ಸ್ವಾಮಿ, 'ಕಿ' ಅಂದ್ರ ಊರಿಗೆ. 'ಕೇ' ಅಂತ ಎಳದ್ರ ಸುಮ್ಮನ, ಕಾರಣ ಇಲ್ಲದಂಗ" ಎಂದರು ಎರ್ರಿಸ್ವಾಮಿ. "ಎಳದಿದ್ದು ಈಕಿ ನಾಲಿಗಿ ಅಲ್ಲ, ಮ್ಯಾನೇಜರ ಕಿವಿ."

ಕೋರ್ಟೇ ನಕ್ಕಿತು. ಜಡ್ಜರು ಅಕ್ಕನ ಕಡೆ ತಿರುಗಿದರು. ಅಕ್ಕ ಮ್ಯಾನೇಜರನ್ನು ಒಮ್ಮೆ ನೋಡಿ, ಕಟಕಟೆಯ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಊರಿಗೇ ಹೋಗಿದ್ಲು ಸಾರ್. ಅವರಕ್ಕನ ಹೆರಿಗಿಗೆ. ರಜಾ ಕೊಟ್ಟಾಕಿ ನಾನೇ."

ಎರ್ರಿಸ್ವಾಮಿ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ಮ್ಯಾನೇಜರು ತಮ್ಮ ವಕೀಲರ ಕಿವಿಯಲ್ಲಿ ಏನೋ ಊದಿದರು. ಆ ವಕೀಲರು ಎದ್ದು ನಿಂತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದರು. ಹುಡುಗಿ ಕೆಲಸ ಬಿಟ್ಟೇ ಇಲ್ಲ ಅಂದ ಮೇಲೆ ಬಾಂಡ್ ಇನ್ನೂ ಜೀವಂತ ಇದೆ. ನಮ್ಮ ತಕರಾರೇನೂ ಇಲ್ಲ. ಸೋಮವಾರದಿಂದ ಬಂದು ಉಳಿದ ಅವಧಿ ಮುಗಿಸಿಕೊಡಲಿ.

ಎರ್ರಿಸ್ವಾಮಿಯವರ ನಗು ಮೀಸೆಯಲ್ಲೇ ಒಣಗಿತು. ಇಷ್ಟು ತಿಂಗಳು ನಾನು ಬಿಟ್ಟಿಲ್ಲ, ಬಿಟ್ಟಿಲ್ಲ ಎಂದು ವಾದಿಸಿ ನನ್ನನ್ನು ಮತ್ತೆ ಅದೇ ಗೇಟಿನೊಳಗೆ ತಂದು ನಿಲ್ಲಿಸಿದ್ದರು. ನನ್ನ ಹತ್ತಿರ ಬಗ್ಗಿ, "ಸದ್ಯಕ್ಕ ಹ್ಞೂಂ ಅನ್ನವ್ವ. ಇಲ್ಲ ಅಂದ್ರ ಬಾಂಡ್ ಮುರದಂಗ ಆಗ್ತೈತಿ, ಎರಡು ಲಕ್ಷ ತಲಿ ಮ್ಯಾಲೆ ಬೀಳ್ತೈತಿ" ಎಂದು ಪಿಸುಗುಟ್ಟಿದರು.

"ಏನಮ್ಮಾ, ಹೋಗ್ತೀಯಾ ಕೆಲಸಕ್ಕೆ?" ಎಂದು ಜಡ್ಜರು ನನ್ನನ್ನೇ ಕೇಳಿದರು.

"ಇಲ್ರಿ ಸಾರ್."

"ಯಾಕಮ್ಮಾ? ಊರಿಕೇನಾ?"

ಹೊಸದಾಗಿ ಕಲಿತ ಮಾತು, ಅವರಿಗೂ ಆಡಿ ನೋಡುವ ಆಸೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಇಷ್ಟು ತಿಂಗಳಲ್ಲಿ ಮೊದಲ ಸಲ ಒಬ್ಬರು ಯಾಕೆ ಎಂದು ಕೇಳಿದ್ದರು.

"ಊರಿಕೇ ಅಲ್ಲರಿ. ಎರಡು ಮಷೀನು ಒಮ್ಮಿಗೇ ಕೂಗಿದ್ರ ಒಬ್ಬಾಕಿ ಎತ್ತಾಗ ಓಡಬೇಕ್ರಿ? ಅದನ್ನ ಯಾರೂ ಹೇಳಿಕೊಡಲಿಲ್ಲ. ನನ್ನ ಕಣ್ಣ ಮುಂದ ತಾತನ ಕಣ್ಣು ಮ್ಯಾಲೆ ಹೋದ್ವು. ಮತ್ತ ಆ ರೂಮಿಗೆ ಹೋಗಾಕ ನನ್ನ ಕೈಲಿ ಆಗಂಗಿಲ್ಲ. ಟ್ರೇನಿಂಗ್ ಅಂದ್ರ ನನಗ ಸಿಕ್ಕಿದ್ದು ಎರಡು ಮಾತು ಸಾರ್, ಇವತ್ತು ನೋಡು, ನಾಳಿಂದ ಮಾಡು. ಮಾತಿಗೊಂದು ಲಕ್ಷ ಆತಂದ್ರ ನಾನೆಲ್ಲಿಂದ ತರ್ಲಿ?"

ಈ ಸಲ ನಕ್ಕವರು ಕಡಿಮೆ. ಜಡ್ಜರು ಅಕ್ಕನನ್ನು, ಈ ಹುಡುಗಿ ಹೇಳುವುದು ನಿಜವೇ ಎಂದು ಕೇಳಿದರು. ಅಕ್ಕ ಇನ್ನೂ ಕಟಕಟೆಯಲ್ಲೇ ಇದ್ದರು.

"ನನಗೂ ಅಷ್ಟೇ ಸಾರ್ ಹೇಳಿಕೊಟ್ಟಿದ್ದು" ಅಂದರು.

ಆದೇಶ ಬಂದಿದ್ದು ಮಳೆಗಾಲ ಹಿಡಿದ ಮೇಲೆ. ನಾನು ಕೆಲಸ ಬಿಟ್ಟಿದ್ದು ಹೌದು, ಆದರೆ ತರಬೇತಿಗೆ ಇಷ್ಟು ಖರ್ಚಾಯಿತು ಎಂದು ತೋರಿಸಲು ಆಸ್ಪತ್ರೆಯ ಬಳಿ ಏನೂ ಇಲ್ಲ. ಮುಂಚಿತವಾಗಿ ತಿಳಿಸದೆ ಬಿಟ್ಟದ್ದಕ್ಕೆ ಒಂದು ತಿಂಗಳ ಸಂಬಳ ಕಟ್ಟಬೇಕು. ಓದಿನ ಕಾಗದಪತ್ರಗಳನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ, ಕೂಡಲೇ ಹಿಂತಿರುಗಿಸಬೇಕು. ಎರ್ರಿಸ್ವಾಮಿಯವರು ತಾವೇ ಹೂಡಿದ ಉಪಾಯ ಎಂಬಂತೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಸಿರುಗುಪ್ಪದಲ್ಲಿ ಮತ್ತೆ ಜಾಗ ಖಾಲಿಯಾಗಿ ನನಗೆ ಕೆಲಸ ಸಿಗಲು ಇನ್ನೂ ಬಹಳ ದಿನ ಹಿಡಿಯಿತು. ಗೆದ್ದ ದಿನ ಕುಣಿಯಬೇಕು ಅನ್ನಿಸಲಿಲ್ಲ, ಮಲಗಬೇಕು ಅನ್ನಿಸಿತು.

ಕಾಗದಪತ್ರ ತರಲು ಆಸ್ಪತ್ರೆಗೆ ಹೋದೆ. ಗುಮಾಸ್ತೆ ಬೀರು ತೆಗೆದು, ಒಂದರ ಮೇಲೊಂದು ಪೇರಿಸಿಟ್ಟ ಪ್ಲಾಸ್ಟಿಕ್ ಕವರುಗಳನ್ನು ಟೇಬಲಿನ ಮೇಲೆ ಸುರಿದು ನನ್ನದನ್ನು ಹುಡುಕಿದಳು. ತಳದಲ್ಲಿದ್ದ ಒಂದು ಕವರು ಹಳದಿ ತಿರುಗಿತ್ತು. ಮೇಲೆ ರಮಾದೇವಿ ಅಕ್ಕನ ಹೆಸರು.

ಹೋಗುವ ಮುಂಚೆ ಮೇಲಿನ ಘಟಕಕ್ಕೆ ಹೋದೆ. ಅಕ್ಕನನ್ನು ಕೆಲಸದಿಂದ ತೆಗೆದಿರಲಿಲ್ಲ. ತೆಗೆದರೆ ಮಷೀನು ನೋಡುವವರು ಬೇರೆ ಯಾರಿದ್ದರು? ಫಿಲ್ಟರು ತೊಳೆಯುತ್ತಿದ್ದರು. ನನ್ನ ಕೈಯಲ್ಲಿದ್ದ ಕವರು ನೋಡಿ ಮುಖ ಅರಳಿತು.

"ಅಕ್ಕಾ, ನಿಮ್ಮ ಬಾಂಡ್ ಮುಗದು ಎಷ್ಟು ವರ್ಷ ಆತು? ನಿಮ್ಮವು ಇನ್ನೂ ಅಲ್ಲೇ ಅದಾವಲ್ಲ" ಎಂದೆ.

"ಯಾವಾಗೋ ಮುಗದೈತಮ್ಮ."

"ಮತ್ತ ಇಸ್ಕೊಂಡಿಲ್ಲ ಯಾಕ್ರಿ? ಕೇಳ್ರಿ, ಈಗ ಕೊಡಲೇಬೇಕು ಅವರು."

"ಕೇಳಿದ್ರ ಬಿಟ್ಟು ಹೊಂಟಾಳ ಅಂತ ತಿಳ್ಕೊಂತಾರ" ಎಂದು ಅಕ್ಕ ನಲ್ಲಿ ನಿಲ್ಲಿಸಿದರು. "ಇರ್ಲಿ ಬಿಡು. ನಿನ್ನವು ಎಲ್ಲಾ ಬಂದಾವೇನು, ಸರಿಯಾಗಿ ನೋಡ್ಕೊಂಡ್ಯಾ? ನನ್ನ ಕೈ ಹಸಿ ಐತಿ, ನೀನೇ ತೆಗದು ತೋರ್ಸು."

ನಾನು ಒಂದೊಂದೇ ತೆಗೆದು ಅವರ ಮುಖದ ಮುಂದೆ ಹಿಡಿದೆ. ಹತ್ತನೇ ಕ್ಲಾಸಿನದು, ಪಿಯುಸಿಯದು, ಡಿಪ್ಲೊಮಾದ್ದು. ಒದ್ದೆ ಕೈಗಳನ್ನು ಹಿಂದೆ ಕಟ್ಟಿಕೊಂಡು, ಬಗ್ಗಿ, ಪ್ರತಿ ವಿಷಯವನ್ನೂ ಓದಿದರು.

"ಚಂದ ಬಂದಾವಮ್ಮ ಮಾರ್ಕ್ಸು" ಅಂದರು. "ನನ್ನವೂ ಹಿಂಗೇ ಇದ್ವು ಅನಸ್ತೈತಿ. ಮರ್ತು ಹೋಗೈತಿ."